ರಾಕ್ಷಸನ ಬಾಯಿಗೆ ಮಾವನ ಸ್ವರ

ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಮಾವ ಮತ್ತು ಅತ್ತೆ ಆಡುವ ಮಾತುಗಳಲ್ಲಿ ಒಂದೂ ಅವರು ಆಡಿದ ಹಾಗೆ ಇಲ್ಲ. ನಮ್ಮದು ತುಳು ಮನೆ. ಅಮ್ಮನ ಅಣ್ಣನಾದ ಈ ಮಾವ ಹೆಂಡತಿಯ ಹತ್ತಿರ, ನನ್ನ ಹತ್ತಿರ, ಅಂಗಡಿಗೆ ಬರುವ ಬೆಕ್ಕಿನ ಹತ್ತಿರ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಅದನ್ನು ನಾನು ಕನ್ನಡ ಮಾಡಿ ಅವರ ಬಾಯಿಗೆ ಕೂರಿಸುತ್ತಿದ್ದೇನೆ. ನನ್ನ ಹೊಟ್ಟೆಪಾಡಿನ ಕೆಲಸವೂ ಅದೇ. ಹೊರದೇಶದ ಸಿನಿಮಾಗಳಿಗೆ ಕನ್ನಡ ಮಾತು ಬರೆಯುತ್ತೇನೆ. ಪರದೆಯ ಮೇಲಿನವನ ಬಾಯಿ ತೆರೆದಿದ್ದರೆ ತೆರೆದ ಅಕ್ಷರ ಬೇಕು, ತುಟಿ ಕೂಡಿದರೆ ಪ, ಬ, ಮ ಬೇಕು. ಅರ್ಥ ಸ್ವಲ್ಪ ಆಚೀಚೆ ಆದರೆ ಯಾರೂ ಕೇಳುವುದಿಲ್ಲ. ತುಟಿ ತಪ್ಪಿದರೆ ಮಕ್ಕಳೂ ನಗುತ್ತಾರೆ.

ನೆನಪನ್ನು ಬರೆಯುವಾಗ ನನಗೆ ಹೆದರಿಕೆಯಾಗುವುದು ಇದೇ ಕಾರಣಕ್ಕೆ. ತುಟಿಗೆ ಹೊಂದುವ ಮಾತು ಸಿಕ್ಕಿದರೆ ಸಾಕು, ಅದೇ ನಿಜವಾದ ಮಾತು ಎಂದು ನಾನೇ ನಂಬಿಬಿಡುತ್ತೇನೆ. ಆದ್ದರಿಂದ ಈ ಬರಹದಲ್ಲಿ ಅಲ್ಲಲ್ಲಿ ತಡೆದು ನಿಂತರೆ ಓದುವವರು ಸಿಟ್ಟು ಮಾಡಬಾರದು.

ಮಾವ ಸ್ವರ ಕೊಟ್ಟ ಸಿನಿಮಾದ ವಿಷಯ ಹೇಳುತ್ತೇನೆ. ಒಬ್ಬ ವಿಜ್ಞಾನಿ ಸತ್ತವರ ಕೈಕಾಲು ಚರ್ಮ ಸೇರಿಸಿ ಹೊಲಿದು ಒಂದು ಜೀವಿಯನ್ನು ಮಾಡುತ್ತಾನೆ, ಅದು ಕಣ್ಣು ಬಿಟ್ಟ ಕೂಡಲೇ ತಾನೇ ಹೆದರಿ ಓಡಿಹೋಗುತ್ತಾನೆ. ಈ ಹಳೆಯ ಇಂಗ್ಲಿಷ್ ಕತೆಯನ್ನು ಓದದವರೂ ಕೇಳಿರುತ್ತಾರೆ. ಹೊಸ ಸಿನಿಮಾದವರು ಆ ಜೀವಿಯನ್ನು ಸಾಯಲು ಬಿಟ್ಟಿರಲಿಲ್ಲ. ಅವನ ಕೈಗೆ ಕೊಡಲಿ ಕೊಟ್ಟು, ಹಿಮ ಬೀಳುವ ಒಂದು ಹಾಳು ಬಂದರಿನಲ್ಲಿ, ಪಾತಾಳದಿಂದ ಎದ್ದು ಬಂದ ಸೇನೆಯ ಎದುರು ನಿಲ್ಲಿಸಿದ್ದರು. ಬೆಂಕಿ, ಹೊಡೆದಾಟ, ಕುಸಿಯುವ ಗೋಪುರಗಳು. ಅವನಿಗೆ ಮಾತು ಕಡಿಮೆ, ಗರ್ಜನೆಯೇ ಹೆಚ್ಚು. ಎಲ್ಲ ಮುಗಿದ ಮೇಲೆ ತನ್ನನ್ನು ಮಾಡಿದವನ ಗೋರಿಯ ಪಕ್ಕದಲ್ಲಿ ಕುಳಿತು ಅವನು ಸ್ವಲ್ಪ ಹೊತ್ತು ಮಾತಾಡುತ್ತಾನೆ. ಮಾಡಿದೆ, ಆದರೆ ಹೆಸರಿಟ್ಟು ಕರೆಯಲಿಲ್ಲ ಎಂಬಂಥ ಮಾತು. ಅಲ್ಲಿಗೆ ಬರುವವರೆಗೆ ನನಗೆ ಆ ಸಿನಿಮಾದ ಮೇಲೆ ತಾತ್ಸಾರವಿತ್ತು. ಆ ದೃಶ್ಯ ಬರೆಯುವಾಗ ಅದು ಹೋಯಿತು.

ಕೆಲಸ ಬೆಂಗಳೂರಿನ ಒಂದು ಕಂಪೆನಿಯದು. ರೆಕಾರ್ಡಿಂಗ್ ಮಂಗಳೂರಿನ ಸಣ್ಣ ಸ್ಟುಡಿಯೋದಲ್ಲಿ. ಸ್ಟುಡಿಯೋ ನಡೆಸುವವನೇ ರೆಕಾರ್ಡಿಸ್ಟ್. ರಾಕ್ಷಸನಿಗೆ ಹೊಂದುವ ಸ್ವರ ಸಿಗದೆ ಅವನು ತಲೆ ಕೆರೆದುಕೊಂಡು ಕುಳಿತಿದ್ದಾಗ ನನಗೆ ಮಾವನ ಫೋನ್ ಬಂತು. ಕಾಸರಗೋಡಿಗೆ ವಾಪಸು ಬರುವಾಗ ಅತ್ತೆಯ ಮೊಣಗಂಟಿನ ಮುಲಾಮು ತರಬೇಕು ಎಂದು ಹೇಳಲು. ಕೈಯಲ್ಲಿ ಕಾಗದಗಳಿದ್ದವು, ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ರೆಕಾರ್ಡಿಸ್ಟ್ ಕುರ್ಚಿಯಿಂದ ಎದ್ದು ನಿಂತ.

"ಯಾರು ಮೇಡಂ ಇದು?"

"ನನ್ನ ಮಾವ."

"ಈ ಗಂಟಲು ನನಗೆ ಬೇಕು ಮಾರಾಯ್ರೆ. ಬಂಡೆ ಉಜ್ಜಿದ ಹಾಗೆ ಉಂಟು."

ಮಾವನ ಗಂಟಲು ಹಾಗಾಗಿ ಕೆಲವು ತಿಂಗಳಾಗಿತ್ತು. ಅವರು ಯಕ್ಷಗಾನದ ಮೇಳಗಳಲ್ಲಿ ಬಣ್ಣದ ವೇಷ ಮಾಡಿದವರು. ಬಣ್ಣದ ವೇಷ ಎಂದರೆ ರಾಕ್ಷಸ ಪಾತ್ರ. ಮುಖದ ತುಂಬ ಅಕ್ಕಿಹಿಟ್ಟು, ಸುಣ್ಣದ ಮುಳ್ಳುಮುಳ್ಳು ಚುಕ್ಕೆಗಳ ಚಿಟ್ಟಿ ಇಟ್ಟು, ದೊಡ್ಡ ಕಿರೀಟ ಕಟ್ಟಿ, ತೆರೆಯ ಹಿಂದಿನಿಂದ ಆರ್ಭಟೆ ಹೊಡೆದರೆ ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗಿನೊಳಗೆ. ಕಾಲು ಸೋತ ಮೇಲೆ ಮೇಳ ಬಿಟ್ಟು, ಹಳೆ ಬಸ್‌ಸ್ಟ್ಯಾಂಡಿನ ಹತ್ತಿರದ ಸೋಡಾ ಶರಬತ್ತಿನ ಅಂಗಡಿಯಲ್ಲೇ ಕುಳಿತುಬಿಟ್ಟಿದ್ದರು. ಸ್ವರ ಒಡೆದದ್ದು ಐಸಿನಿಂದ ಎಂದು ಅತ್ತೆ, ಮಳೆಗಾಲದಿಂದ ಎಂದು ಅಮ್ಮ, ವಯಸ್ಸಿನಿಂದ ಎಂದು ಮಾವ.

ನಾನು ಸಿನಿಮಾದ ಒಂದು ತುಂಡನ್ನು ಅಂಗಡಿಗೆ ಒಯ್ದು ತೋರಿಸಿದೆ. ಅವರು ಲಿಂಬೆ ಹಿಂಡುತ್ತಲೇ ನೋಡಿದರು.

"ಇವನು ಒಮ್ಮೆಗೇ ಬಂದುಬಿಟ್ಟನಲ್ಲ. ತೆರೆ ಇಲ್ಲವಾ ಇವರಲ್ಲಿ?"

"ಸಿನಿಮಾ ಅಲ್ಲವಾ ಮಾವ."

"ಸಿನಿಮಾ ಆದರೆ ರಾಕ್ಷಸನಿಗೆ ಮರ್ಯಾದೆ ಬೇಡವಾ? ಮುಖದ ಹೊಲಿಗೆ ಒಳ್ಳೆದುಂಟು. ನಿಲ್ಲುವ ಕ್ರಮ ಸರಿ ಇಲ್ಲ. ಸೊಂಟನೋವಿನವನ ಹಾಗೆ ನಿಲ್ತಾನೆ." ಮತ್ತೆ ಸ್ವಲ್ಪ ಹೊತ್ತು ನೋಡಿ, "ಪಾಪ, ಇವನನ್ನು ಮಾಡಿದವನು ಎಲ್ಲಿಗೆ ಓಡಿದ್ದು?" ಎಂದು ಕೇಳಿದರು.

ಒಪ್ಪಿದರು. ಸ್ವರ ಪರೀಕ್ಷೆ ಆಯಿತು. ಬೆಂಗಳೂರಿನವರೂ ಹೂಂ ಎಂದರು. ಆ ನಂತರವೇ, ಊಟ ನುಂಗಲು ಕಷ್ಟವಾಗುತ್ತದೆ ಎಂದು ಅತ್ತೆ ಹಟ ಹಿಡಿದು ಅವರನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು. ಈ ಕ್ರಮದ ಬಗ್ಗೆ ನನಗೆ ಖಾತ್ರಿಯಿದೆ, ಏಕೆಂದರೆ ಎರಡೂ ಕಡೆಯ ಸಂದೇಶಗಳು ನನ್ನ ಫೋನಿನಲ್ಲೇ ಬಂದವು. ಇಲ್ಲದಿದ್ದರೆ ಅದನ್ನೂ ನಂಬುತ್ತಿರಲಿಲ್ಲ.

ಡಾಕ್ಟರ ಮುಂದೆ ನಾವು ಮೂವರು ಕುಳಿತಿದ್ದೆವು. ಗೆಡ್ಡೆ ಸ್ವರಪೆಟ್ಟಿಗೆಯಲ್ಲೇ ಇದೆ, ಪೂರಾ ತೆಗೆಯಬೇಕು, ಉಸಿರಾಟಕ್ಕೆ ಕುತ್ತಿಗೆಯಲ್ಲಿ ಒಂದು ತೂತು ಇರುತ್ತದೆ, ಜೀವಕ್ಕೆ ಭಯವಿಲ್ಲ ಎಂದು ಅವರು ನಿಧಾನವಾಗಿ ಹೇಳಿದರು.

"ಮಾತು?" ಎಂದು ಕೇಳಿದರು ಮಾವ.

"ಇರುದಿಲ್ಲ."

"ಕೂಗ್ಲಿಕ್ಕೆ?"

"ಆಗ್ಲಿಕ್ಕಿಲ್ಲ."

"ನಗ್ಲಿಕ್ಕೆ?"

"ನಗಬಹುದು. ಶಬ್ದ ಬರ್ಲಿಕ್ಕಿಲ್ಲ."

ಅತ್ತೆ ಕೇಳಿದ್ದು ಬೇರೆ. "ಅಷ್ಟರವರೆಗೆ ಇವರು ಮಾತಾಡಬಾರದಾ ಡಾಕ್ಟ್ರೆ?"

"ಯಾಕಮ್ಮ? ಮಾತಾಡ್ಲಿ. ಎಷ್ಟು ಆಗ್ತದೋ ಅಷ್ಟು ಮಾತಾಡಿಸಿ. ಇನ್ನು ಸ್ವರ ಉಳಿಸಿಟ್ಟು ಎಂತ ಮಾಡ್ಲಿಕ್ಕುಂಟು?"

ವಾಪಸು ಬರುವಾಗ ರೈಲಿನಲ್ಲಿ ಮಾವ ಬಾಗಿಲ ಹತ್ತಿರ ಗಾಳಿಗೆ ನಿಂತಿದ್ದರು. ಅತ್ತೆ ಕಿಟಕಿಯ ಹೊರಗೆ ನೋಡುತ್ತಲೇ ನನ್ನ ಹತ್ತಿರ ಹೇಳಿದರು: "ನನಗೆ ಕೇಳ್ಲಿಕ್ಕೆ ತುಂಬ ಉಂಟು ಮಗಾ. ಮೇಳಕ್ಕೆ ಹೋದರೆ ಆರು ತಿಂಗಳು ಮನೆಗೆ ಬರುವುದು ನಿದ್ದೆ ಮಾಡ್ಲಿಕ್ಕೆ. ಮಳೆಗಾಲ ಪೂರಾ ಅಂಗಡಿ. ನಾವು ಕೂತು ಮಾತಾಡಿದ್ದು ಯಾವಾಗ? ಆ ಸಿನಿಮಾದ್ದು ಒಂದು ಮುಗಿಯಲಿ. ಮತ್ತೆ ನನ್ನ ಸರದಿ."

ಲೆಕ್ಕ ಸರಿಯಾಗಿತ್ತು. ಸೋಮವಾರ ರೆಕಾರ್ಡಿಂಗ್. ಆಸ್ಪತ್ರೆಗೆ ಸೇರಬೇಕಾದದ್ದು ಅದರ ಮುಂದಿನ ಸೋಮವಾರ. ನಡುವಿನ ದಿನಗಳೆಲ್ಲ ಅತ್ತೆಯವು.

ಈಗ ಆ ಮನೆಯ ಒಂದು ಕ್ರಮ ಹೇಳಬೇಕು. ದೊಡ್ಡ ವೇಷ ಇರುವ ದಿನ ಮಾವ ಬೆಳಿಗ್ಗೆ ಎದ್ದ ಮೇಲೆ ಒಂದು ಮಾತೂ ಆಡುತ್ತಿರಲಿಲ್ಲ. ಅವರಿಗೆ ವೇಷ ಕಲಿಸಿದ ಹಿರಿಯರು ಹಾಕಿಕೊಟ್ಟ ಕ್ರಮವಂತೆ ಅದು. ಬಣ್ಣದ ವೇಷದವನ ಆ ದಿನದ ಮೊದಲ ಶಬ್ದ ತೆರೆಯ ಹಿಂದಿನ ಆರ್ಭಟೆಯೇ ಆಗಬೇಕು, ಅದನ್ನು ಮೊದಲೇ ಅಲ್ಲಿ ಇಲ್ಲಿ ಚೆಲ್ಲಬಾರದು. ಒಮ್ಮೆ ಕುಂಬ್ಡಾಜೆ ಕಡೆಯ ಒಂದು ಯಕ್ಷಗಾನ ಆಟದ ದಿನ ಬಣ್ಣ ಹಚ್ಚುವ ಚೌಕಿಯಲ್ಲಿ ಯಾರೋ ಬೆಂಕಿಪೆಟ್ಟಿಗೆ ಉಂಟಾ ಎಂದು ಕೇಳಿ, ಇವರು ಬಾಯಿತಪ್ಪಿ ಇಲ್ಲ ಎಂದು, ಆ ಆರ್ಭಟೆ ಸೀಳಿಹೋಗಿ ಜನ ನಕ್ಕರಂತೆ. ಆ ಇಲ್ಲ ಎಂಬ ಒಂದು ಮಾತಿನ ಕತೆಯನ್ನು ಅವರು ಜೀವಮಾನವಿಡೀ ಹೇಳಿದ್ದಾರೆ. ಮೌನದ ದಿನ ಮನೆಯವರೂ ಅವರ ಹತ್ತಿರ ಏನೂ ಕೇಳುವಂತಿಲ್ಲ. ಅತ್ತೆ ನನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟದ್ದು ಹೀಗೆ: "ಕೇಳಿದರೆ ಉತ್ತರ ಬಾಯಿವರೆಗೆ ಬರ್ತದೆ. ಅದನ್ನು ಅವರು ನುಂಗಬೇಕಾಗ್ತದೆ. ನುಂಗಿದ ಮಾತು ಗಂಟಲಿನಲ್ಲಿ ಕೂತುಕೊಳ್ತದೆ." ಊಟಕ್ಕೆ ಕರೆಯಲು ಚಪ್ಪಾಳೆ ತಟ್ಟುತ್ತಿದ್ದೆವು.

ಅತ್ತೆ ಮಾವನ ವೇಷ ನೋಡಿದವರಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಹೋಗಿ, ಆರ್ಭಟೆ ಕೇಳುತ್ತಲೇ ಎದ್ದು ಬಂದಿದ್ದರಂತೆ. ಅವರ ಪಾಲಿಗೆ ವೇಷವೆಂದರೆ ಈ ಮೌನ.

ಸೋಮವಾರ ಬೆಳಿಗ್ಗೆ ಮಾವ ಮೌನಕ್ಕೆ ಕುಳಿತರು. ನಾವು ಹೊರಡುವ ಹೊತ್ತಿಗೆ ಸ್ಟುಡಿಯೋದಿಂದ ಫೋನ್: ಬೆಂಗಳೂರಿನಿಂದ ಚಿತ್ರದ ಕೊನೆಯ ಪ್ರತಿ ಬಂದಿಲ್ಲ, ನಾಳೆ ಮಾಡುವ. ನಾನು ಮಾವನಿಗೆ ಹೇಳಿದೆ. ಅವರು ಕೈಯಲ್ಲೇ ಆಗಲಿ ಎಂದರು, ಬಾಯಿ ಬಿಡಲಿಲ್ಲ. ಹಿಡಿದ ಮೌನ ಆರ್ಭಟೆಯಲ್ಲೇ ಮುರಿಯಬೇಕು. ಆಟ ಮಳೆಗೆ ನಿಂತು ಮರುದಿನಕ್ಕೆ ಹೋದಾಗಲೂ ಅವರು ಹಾಗೆಯೇ ಮಾಡುತ್ತಿದ್ದರು.

ಮಂಗಳವಾರವೂ ನಾಳೆ ಎಂದರು. ಬುಧವಾರವೂ.

ಮಾವ, ಇದು ಆಟವಲ್ಲ, ಮೈಕಿನ ಕೆಲಸ, ಅತ್ತೆಯ ಹತ್ತಿರ ಮಾತಾಡಿ ಎಂದು ನಾನು ಹೇಳಿದೆ. ಹೇಳಿದೆ ಎಂದು ಈಗ ಅನಿಸುತ್ತದೆ. ಆ ವಾಕ್ಯ ನನ್ನ ನೆನಪಿನಲ್ಲಿ ತುಂಬ ಚೊಕ್ಕವಾಗಿ ಕುಳಿತಿದೆ, ಹಾಗಾಗಿ ಸಂಶಯ. ಅತ್ತೆ ನನ್ನ ಕೈಹಿಡಿದು ಅಡಿಗೆಮನೆಗೆ ಎಳೆದದ್ದು ಮಾತ್ರ ನಿಜ. ಅವರ ಕೈಗೆ ಹಿಡಿದಿದ್ದ ಬೆಳ್ಳುಳ್ಳಿಯ ವಾಸನೆ ಆಮೇಲೆ ನನ್ನ ಮಣಿಕಟ್ಟಿನಲ್ಲಿತ್ತು.

"ಸುಮ್ಮನಿರು. ಕೊನೆಯ ವೇಷ ಅವರದ್ದು. ಹಾಳು ಮಾಡ್ಬಾರ್ದು."

"ಮತ್ತೆ ನಿಮ್ಮ ಸರದಿ?"

"ನಾಳೆ ಆಗ್ತದಲ್ಲ ರೆಕಾರ್ಡಿಂಗ್."

ನೆರೆಮನೆಯ ಹೆಂಗಸು ಬೇಲಿಯಾಚೆಯಿಂದ ಕೇಳಿದರು, "ಎಂತ, ಇವರು ಮಾತಾಡುದಿಲ್ಲ? ಜಗಳವಾ?"

"ಅಲ್ಲ. ವೇಷ ಉಂಟು."

"ಎಲ್ಲಿ ಆಟ?"

"ಸಿನಿಮಾದಲ್ಲಿ. ಇಂಗ್ಲಿಷಿನವರ ರಾಕ್ಷಸ."

"ಅವರಲ್ಲಿಯೂ ರಾಕ್ಷಸರು ಉಂಟಾ?"

"ಒಬ್ಬ ಇದ್ದಾನಂತೆ. ಹೊಲಿದು ಮಾಡಿದ್ದು."

ಅತ್ತೆ ಆ ದಿನಗಳಲ್ಲಿ ಖುಷಿಯಾಗಿಯೇ ಇದ್ದರು ಎಂದರೆ ಯಾರೂ ನಂಬಲಿಕ್ಕಿಲ್ಲ. ಮಾವ ಜಗಲಿಯಲ್ಲಿ, ಅತ್ತೆ ಒಳಗೆ. ಅತ್ತೆ ಬಾಯಲ್ಲಿ ಏನೋ ಗುನುಗಿಕೊಂಡು, ಅವರಿಗೆ ನುಂಗಲು ಸುಲಭವಾಗಲೆಂದು ಗಂಜಿ ನುಣ್ಣಗೆ ಕಡೆದು, ಪಾತ್ರೆಯ ಪಕ್ಕದಲ್ಲಿ ಚಪ್ಪಾಳೆ ತಟ್ಟಿ ಕರೆಯುತ್ತಿದ್ದರು. ಮಾವ ಬಂದು ಕುಳಿತು, ಉಪ್ಪು ಸರಿಯಿದೆ ಎಂದು ಹುಬ್ಬಿನಲ್ಲೇ ಹೇಳುತ್ತಿದ್ದರು. ಮೇಳದ ಕಾಲದಲ್ಲಿ ಅಷ್ಟು ದಿನ ಒಟ್ಟಿಗೆ ಅವರು ಮನೆಯಲ್ಲಿ ಇದ್ದದ್ದೇ ಇಲ್ಲ.

ಚಿತ್ರ ಬಂದದ್ದು ಭಾನುವಾರ ಸಂಜೆ. ರೆಕಾರ್ಡಿಂಗ್ ಸೋಮವಾರ ಬೆಳಿಗ್ಗೆ, ಆಸ್ಪತ್ರೆ ಅದೇ ಮಧ್ಯಾಹ್ನ. ಆಸ್ಪತ್ರೆಯವರು ದಿನ ಬದಲಿಸಲು ಒಪ್ಪಲಿಲ್ಲ. ಇನ್ನು ದಿನ ಸಿಗುವುದು ಎರಡು ವಾರ ಕಳೆದು, ಅಷ್ಟು ತಡವಾದರೆ ಗೆಡ್ಡೆ ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು ಎಂದರು. ಸಿನಿಮಾ ಬೇಡ, ಬಿಟ್ಟುಬಿಡೋಣ ಎಂದು ನಾನು ಅಂದಾಗ ಮಾವ ನನ್ನನ್ನು ನೋಡಿದ ನೋಟಕ್ಕೆ ನಾನು ಯಾವ ಮಾತನ್ನೂ ಹೊಂದಿಸುವುದಿಲ್ಲ. ಅತ್ತೆಯೇ ಹೇಳಿದರು: "ಬೆಳಿಗ್ಗೆ ಸಿನಿಮಾ. ಮಧ್ಯಾಹ್ನದಿಂದ ಮರುದಿನ ಆಪರೇಷನಿಗೆ ಕರೆಯುವವರೆಗೆ ಉಂಟಲ್ಲ. ಸಾಕು. ಮುಖ್ಯವಾದದ್ದು ಮಾತ್ರ ಕೇಳ್ತೇನೆ."

ಹೀಗೆ ಆಸ್ಪತ್ರೆಯ ಚೀಲ ಹಿಡಿದುಕೊಂಡೇ ನಾವು ಸ್ಟುಡಿಯೋಕ್ಕೆ ಹೋದೆವು. ಅತ್ತೆಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಒಳಗೆ ಜಾಗವಿರಲಿಲ್ಲ, ಇದ್ದರೂ ಉಸಿರಾಟದ ಶಬ್ದ ಮೈಕಿಗೆ ಸಿಗುತ್ತದೆ. ದಪ್ಪ ಬಾಗಿಲು. ಅದರಲ್ಲಿ ಕೈಯಗಲದ ಒಂದು ಗಾಜು.

ಮಾವ ಮೈಕಿನ ಮುಂದೆ ನಿಂತವರು ಕೈಯಲ್ಲಿ ಏನೋ ಕೇಳಿದರು. ರೆಕಾರ್ಡಿಸ್ಟಿಗೆ ಅರ್ಥವಾಗಲಿಲ್ಲ. ನನಗೆ ಆಯಿತು: ತೆರೆ. ಆಸ್ಪತ್ರೆಯ ಚೀಲದಿಂದ ಹೊದಿಕೆ ತಂದು, ಎರಡು ಮೈಕ್ ಸ್ಟ್ಯಾಂಡುಗಳಿಗೆ ಕಟ್ಟಿ ಅವರ ಎದೆಯ ಮಟ್ಟಕ್ಕೆ ಅಡ್ಡ ಹಿಡಿಸಿದೆವು. "ಮೈಕಿಗೆ ತಾಗದಿದ್ದರೆ ಆಯ್ತು ಮಾರಾಯ್ರೆ," ಎಂದ ರೆಕಾರ್ಡಿಸ್ಟ್. ಮಾವ ಹೊದಿಕೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ತಲೆ ತಗ್ಗಿಸಿದರು. ಪರದೆಯ ಮೇಲೆ ಹಿಮದೊಳಗಿಂದ ಆ ಜೀವಿ ಎದ್ದ.

ಆರ್ಭಟೆ ಬಂತು.

ರೆಕಾರ್ಡಿಸ್ಟ್ ಹೆಡ್‌ಫೋನ್ ಕಿತ್ತು ಮೇಜಿಗೆ ಹಾಕಿದ. ಯಂತ್ರದ ದೀಪಗಳೆಲ್ಲ ಕೆಂಪಾದವು. ಪರದೆಯ ಮೇಲಿನವನು ಬಾಯಿ ಮುಚ್ಚಿ, ಕೊಡಲಿ ಎತ್ತಿ, ಮೂರ್ನಾಲ್ಕು ಜನರನ್ನು ಕಡಿದು ಆದ ಮೇಲೂ ಮಾವನ ಆರ್ಭಟೆ ನಡೆದೇ ಇತ್ತು.

"ಮಾಮ, ಉದ್ದ ಆಯ್ತು. ಅವನು ಬಾಯಿ ಮುಚ್ಚಿ ಆಯ್ತು."

"ಅವನು ಇಷ್ಟು ಬೇಗ ಮುಚ್ಚಿದರೆ ನಾನೆಂತ ಮಾಡುದು?" ಎಂದರು ಮಾವ.

ಒಂದು ವಾರದ ಮೌನದ ನಂತರ ಅವರ ಬಾಯಿಯಿಂದ ಬಂದ ಮೊದಲ ಮಾತು ಅದು. ನಾವು ನಕ್ಕೆವು. ತಿರುಗಿ ನೋಡಿದರೆ ಗಾಜಿನಲ್ಲಿ ಅತ್ತೆಯ ಮುಖ. ನಾವು ನಗುವುದು ಕಾಣುತ್ತಿತ್ತು, ಯಾಕೆಂದು ತಿಳಿಯದೆ ಅವರೂ ನಗುತ್ತಿದ್ದರು.

ಗರ್ಜನೆ, ನರಳಾಟ, ಏಟು ಬಿದ್ದ ಶಬ್ದಗಳನ್ನು ನಾವು ರಿಯಾಕ್ಷನ್ ಎನ್ನುತ್ತೇವೆ. ಅವನ್ನು ಬೇರೆಯಾಗಿ ತೆಗೆದೆವು. ಮತ್ತೆ ಮಾತುಗಳು. ನಾನು ಸರಳವಾಗಿ ಬರೆದದ್ದನ್ನು ಮಾವ ಯಕ್ಷಗಾನದಲ್ಲಿ ಅರ್ಥ ಹೇಳುವ ಧಾಟಿಯಲ್ಲೇ ಎಳೆದು, ಏರಿಸಿ ಹೇಳಿದರು. ಬದಿಗೆ ಸರಿ ಎಂದಷ್ಟೇ ಬರೆದಿದ್ದರೂ ಅದು ಮೂರು ಲೋಕಕ್ಕೂ ಕೇಳಬೇಕು. ಇನ್ನೊಮ್ಮೆ, ಸಣ್ಣ ಸ್ವರದಲ್ಲಿ ಎಂದರೆ ಸಣ್ಣ ಸ್ವರದಲ್ಲೂ ಅದೇ ಧಾಟಿ. ಹೊತ್ತು ಹೋಗುತ್ತಿತ್ತು, ಗಂಟಲು ಹರಿಯುತ್ತಿತ್ತು. ಗೋರಿಯ ದೃಶ್ಯಕ್ಕೆ ಬರುವಾಗ ಏರಿಸಲು ಅವರಲ್ಲಿ ಏನೂ ಉಳಿದಿರಲಿಲ್ಲ. ಆದ್ದರಿಂದ ಅವರು ಅದನ್ನು ಸುಮ್ಮನೆ ಹೇಳಿದರು. ಅಂಗಡಿಯ ಬೆಂಚಿನಲ್ಲಿ ಕುಳಿತವರ ಹತ್ತಿರ ಬಿಸಿಲು ಜೋರುಂಟು ಎಂದು ಹೇಳುವ ಹಾಗೆ, ನನಗೆ ಹೆಸರಿಡದೆ ಹೋದೆಯಲ್ಲ ಎಂದು. ರೆಕಾರ್ಡಿಸ್ಟ್ ಇನ್ನೊಮ್ಮೆ ಎನ್ನಲಿಲ್ಲ. ನನಗೆ ತುಟಿ ಹೊಂದಿತೋ ಇಲ್ಲವೋ ಎಂದು ನೋಡುವುದು ಮರೆತುಹೋಯಿತು. ಅಥವಾ, ಈಗ ಅದು ಎಲ್ಲೂ ಇಲ್ಲವಾದ್ದರಿಂದ ನಾನು ಹೀಗೆ ಚಂದ ಮಾಡಿಕೊಂಡಿದ್ದೇನೋ.

ಬಾಗಿಲು ತೆರೆದಾಗ ಅತ್ತೆ ಎದ್ದು ನಿಂತಿದ್ದರು.

"ಆಯ್ತಾ?"

ಮಾವ ಬಾಯಿ ತೆರೆದರು. ಗಾಳಿ ಬಂತು. ಇನ್ನೊಮ್ಮೆ ತೆರೆದರು. ಮರಳಿನ ಮೇಲೆ ಕಾಲೆಳೆದ ಹಾಗೆ ಏನೋ ಬಂತು, ಮಾತಲ್ಲ. ಅವರು ನಗಾಡಿ, ತಡಿ ಎಂದು ಕೈ ತೋರಿಸಿದರು.

"ಬಿಸಿನೀರು ಕುಡಿಯಿರಿ. ಮಧ್ಯಾಹ್ನಕ್ಕೆ ಬಿಡ್ತದೆ," ಎಂದರು ಅತ್ತೆ.

ಮಧ್ಯಾಹ್ನಕ್ಕೆ ಬಿಡಲಿಲ್ಲ. ಆಸ್ಪತ್ರೆಯ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಅತ್ತೆ ಅವರ ಬಾಯಿಯ ಹತ್ತಿರ ಕಿವಿ ಇಟ್ಟು ಕುಳಿತರು. ನರ್ಸುಗಳು ಬಂದು ರಕ್ತ ತೆಗೆದರು, ಸಹಿ ತೆಗೆದುಕೊಂಡರು, ಹೋದರು. ಅತ್ತೆ ಏನೋ ಕೇಳುತ್ತಿದ್ದರು. ನಾನು ಹೊರಗೆ ಹೋದೆ, ಏನು ಕೇಳಿದರೆಂದು ನನಗೆ ಗೊತ್ತಿಲ್ಲ. ಸಂಜೆ ಒಳಗೆ ಬಂದಾಗ ಅವರು ಅದೇ ಭಂಗಿಯಲ್ಲಿದ್ದರು. ನನ್ನನ್ನು ಕಂಡು ತಲೆ ಎತ್ತಿ, "ಎಲ್ಲ ಆ ರಾಕ್ಷಸನಿಗೆ ಕೊಟ್ಟು ಬಂದಿದ್ದಾರೆ ಮಾರಾಯ್ತಿ," ಎಂದರು. ಸಿಟ್ಟಿನಿಂದಲ್ಲ.

ಮರುದಿನ ಬೆಳಿಗ್ಗೆ ಅವರನ್ನು ಕರೆದೊಯ್ದರು.

ಆಪರೇಷನ್ ಚೆನ್ನಾಗಿ ಆಯಿತು. ಮಾವ ಗಂಜಿಯಿಂದ ಅನ್ನಕ್ಕೆ, ಮನೆಯಿಂದ ಅಂಗಡಿಗೆ ಬಂದರು. ಕುತ್ತಿಗೆಯ ತೂತಿಗೆ ಅತ್ತೆ ಬಿಳಿ ಮಲ್ಲಿನ ಬಟ್ಟೆ ಹೊಲಿದು ಕಟ್ಟಿದರು. ಗಂಟಲಿಗೆ ಒತ್ತಿಹಿಡಿದು ಮಾತಾಡುವ ಯಂತ್ರವನ್ನೂ ತಂದೆವು. ಅದರಿಂದ ಬರುವ ಸ್ವರ ಯಾರು ಹಿಡಿದರೂ ಒಂದೇ. "ಮಿಕ್ಸಿ ಮಾತಾಡಿದ ಹಾಗೆ," ಎಂದು ಅತ್ತೆ ಹೇಳಿದ ಮೇಲೆ ಮಾವ ಅದನ್ನು ಅಂಗಡಿಯಲ್ಲೇ ಇಟ್ಟರು, ಗಿರಾಕಿಗಳ ಹತ್ತಿರ ಮಾತಾಡಲು.

ನಾನು ಅವರ ಹಳೆಯ ಸ್ವರ ಹುಡುಕಿದೆ. ಆಟದ ವಿಡಿಯೋಗಳಲ್ಲಿ ಚೆಂಡೆಯ ಅಬ್ಬರ. ಮದುವೆಯ ವಿಡಿಯೋಗಳಲ್ಲಿ ಮಾವ ಬಾಯಿ ಅಲ್ಲಾಡಿಸುತ್ತಾರೆ, ಮೇಲೆ ಸಿನಿಮಾ ಹಾಡು ಹಾಕಿದ್ದಾರೆ. ಫೋನಿನಲ್ಲಿ ಸ್ವರ ಕಳುಹಿಸುವ ಅಭ್ಯಾಸ ಅವರಿಗಿರಲಿಲ್ಲ.

"ಹುಡುಕ್ಬೇಡ. ಸಿನಿಮಾದಲ್ಲಿ ಉಂಟಲ್ಲ, ಬರಲಿ," ಎನ್ನುತ್ತಿದ್ದರು ಅತ್ತೆ.

"ಅದು ಕನ್ನಡ ಅತ್ತೆ. ಪುಸ್ತಕದ ಮಾತು."

"ಕನ್ನಡ ಆದ್ರೆ ಎಂತ? ಸ್ವರ ಇವರದ್ದೇ ಅಲ್ಲವಾ."

ಸಿನಿಮಾ ಬಂತು. ಒಂದು ಶನಿವಾರ ಮಧ್ಯಾಹ್ನ ಊಟ ಆದ ಮೇಲೆ ಲ್ಯಾಪ್‌ಟಾಪನ್ನು ಅತ್ತೆಯ ಹೊಲಿಗೆ ಯಂತ್ರದ ಮೇಲಿಟ್ಟೆ. ಅತ್ತೆ ಕನ್ನಡಕ ಒರೆಸಿ ಹಾಕಿಕೊಂಡು ಮುಂದೆ, ಮಾವ ಅವರ ಪಕ್ಕದಲ್ಲಿ, ನಾನು ಹಿಂದೆ. ಹಿಮದಿಂದ ಆ ಜೀವಿ ಎದ್ದ. ಆರ್ಭಟೆ ಬಂತು, ಅಳತೆಗೆ ಕತ್ತರಿಸಿದ್ದು. ಅತ್ತೆ ಹಿಂದಕ್ಕೆ ಸರಿದರು. ಸ್ವಲ್ಪ ಹೊತ್ತಿಗೆ ಅವನು ಬಾಯಿಬಿಟ್ಟು ಮಾತಾಡಿದ.

ನಯವಾದ, ತರಬೇತಾದ, ಯುವಕನ ಸ್ವರ. ಎಲ್ಲ ಜಾಹೀರಾತುಗಳಲ್ಲಿ ಕೇಳುವಂಥದ್ದು.

ಅತ್ತೆ ಮಾವನ ಮುಖ ನೋಡಿದರು. ಮಾವ ಪರದೆಯನ್ನೇ ನೋಡುತ್ತಿದ್ದರು. ನಾನು ಅಲ್ಲಿಂದಲೇ ರೆಕಾರ್ಡಿಸ್ಟಿಗೆ ಫೋನ್ ಮಾಡಿದೆ. ಕೈತಪ್ಪಿ ಸ್ಪೀಕರ್ ಒತ್ತಿಹೋಯಿತೋ, ಅತ್ತೆಯೇ ಒತ್ತಿಸಿದರೋ.

"ಮೇಡಂ, ನಿಮಗೆ ಬೆಂಗಳೂರಿನವರು ಹೇಳ್ಲಿಲ್ಲವಾ? ಮಾತೆಲ್ಲ ಅಲ್ಲೇ ಬೇರೆಯವರ ಹತ್ತಿರ ಮಾಡಿಸಿದ್ದಾರೆ. ಯಕ್ಷಗಾನದ ಹಾಗೆ ಕೇಳ್ತದಂತೆ. ರಿಯಾಕ್ಷನ್ ಮಾತ್ರ ಮಾಮನದ್ದು ಇಟ್ಟಿದ್ದಾರೆ."

"ಗೋರಿಯದ್ದು?"

"ಅದೂ ಇಲ್ಲ."

"ನಿಮ್ಮ ಹತ್ತಿರ ಮೊದಲಿನದ್ದು ಉಂಟಲ್ಲ? ಅದು ಕೊಡಿ ಸಾಕು."

"ಕೆಲಸ ಕಳಿಸಿ ಆದ ಮೇಲೆ ನಮ್ಮಲ್ಲಿ ಎಂತದೂ ಇಟ್ಟುಕೊಳ್ಳುವ ಹಾಗಿಲ್ಲ ಮೇಡಂ. ಕರಾರು ಹಾಗೆ. ಅಳಿಸಿ ಆಯ್ತು. ನನಗೆ ಗೊತ್ತಿದ್ರೆ... ಮಾಮನಿಗೆ ಹೇಳ್ಬೇಡಿ, ಬೇಜಾರು ಮಾಡಿಕೊಳ್ತಾರೆ."

ಮಾವ ಫೋನಿನ ಕಡೆ ನೋಡಿ, ಪರವಾಗಿಲ್ಲ ಎಂದು ಕೈ ಆಡಿಸಿದರು. ಅವನಿಗೆ ಕಾಣುತ್ತದೆ ಎಂಬ ಹಾಗೆ.

ಹೊಲಿದು ಮಾಡಿದವನಿಗೆ ಸ್ವರವನ್ನೂ ಹೊಲಿದಿದ್ದರು, ಒಬ್ಬನ ಗಂಟಲು, ಇನ್ನೊಬ್ಬನ ಮಾತು. ಈ ವಾಕ್ಯ ಆಗಲೇ ನನ್ನ ತಲೆಗೆ ಬಂದಿತ್ತು, ಅದಕ್ಕಾಗಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅತ್ತೆಗೆ ಅಂಥದ್ದೇನೂ ಬೇಕಿರಲಿಲ್ಲ.

"ಆ ಕೂಗಿದ್ದು ಇವರಾ?" ಎಂದು ಕೇಳಿದರು.

"ಹೌದು ಅತ್ತೆ."

"ಇನ್ನೊಮ್ಮೆ ಹಾಕು."

ಹಾಕಿದೆ. ಅವರು ಪರದೆಗೆ ಕಿವಿ ತಾಗುವಷ್ಟು ಬಗ್ಗಿದರು. ಮತ್ತೊಮ್ಮೆ ಹಾಕಿಸಿದರು. ತಲೆ ಅಲ್ಲಾಡಿಸಿದರು. "ನನಗೆ ಗೊತ್ತಾಗುದಿಲ್ಲ. ಇದು ನಾನು ಕೇಳಿದ ಸ್ವರ ಅಲ್ಲ."

ಆಗ ಮಾವ ಎದ್ದು ಲ್ಯಾಪ್‌ಟಾಪಿನ ಪಕ್ಕದಲ್ಲಿ, ಅತ್ತೆಗೆ ಎದುರಾಗಿ ನಿಂತರು. ಹಾಕು ಎಂದು ನನಗೆ ಸನ್ನೆ. ಹಿಮದಿಂದ ಅವನು ಎದ್ದಾಗ ಇವರೂ ಭುಜ ಎತ್ತಿದರು, ಕಣ್ಣು ಅರಳಿಸಿದರು, ಬಾಯಿ ತೆರೆದರು. ಆರ್ಭಟೆ ಪೆಟ್ಟಿಗೆಯಿಂದ ಬಂತು, ಅವರ ಬಾಯಿಗೆ ಸರಿಯಾಗಿ ಹೊಂದಿ, ಒಂದು ಕೂದಲೂ ಆಚೀಚೆಯಿಲ್ಲ. ಕುತ್ತಿಗೆಯ ಬಿಳಿ ಬಟ್ಟೆ ಉಸಿರಿಗೆ ಎದ್ದು ಎದ್ದು ಬೀಳುತ್ತಿತ್ತು. ಸ್ಟುಡಿಯೋದಲ್ಲಿ ತಪ್ಪಿದ ತಾಳ ಈಗ ತಪ್ಪಲಿಲ್ಲ. ಆ ಜೀವಿ ಬಾಯಿ ಮುಚ್ಚಿದಾಗ ಅವರೂ ಮುಚ್ಚಿದರು.

ಅತ್ತೆ ಈ ಸಲ ಎದ್ದು ಹೋಗಲಿಲ್ಲ. ಅವರು ಮಾವನ ಕೈಹಿಡಿದು ಕೂರಿಸಿ, ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರು.

"ಇದು ಬೇಡ ನನಗೆ. ನೀವು ಹೇಳಿ. ಅವತ್ತು ಆಸ್ಪತ್ರೆಯಲ್ಲಿ ಕೇಳಿದ್ದಕ್ಕೆ ಉತ್ತರ ಹೇಳಿ."

ಮಾವ ಅವರನ್ನೇ ನೋಡುತ್ತ ಮಾತಾಡಿದರು. ತುಟಿ ಕೂಡಿತು, ತೆರೆಯಿತು, ಮತ್ತೆ ಕೂಡಿತು, ಉದ್ದಕ್ಕೆ ಹೋಯಿತು. ಒಂದು ಪೂರ್ತಿ ವಾಕ್ಯ. ಅತ್ತೆ ನನ್ನ ಕಡೆ ತಿರುಗಿದರು.

"ನಿನ್ನ ಕೆಲಸ ಇದೇ ಅಲ್ಲವಾ ಮಗಾ. ಎಂತ ಹೇಳಿದ್ದು ಇವರು?"

ಆ ತುಟಿಗೆ ಹೊಂದುವ ವಾಕ್ಯಗಳು ನನ್ನ ಬಾಯಿಗೆ ಬಂದವು, ಒಂದಲ್ಲ, ಹಲವು. ಎಲ್ಲವೂ ಅತ್ತೆಗೆ ಸಮಾಧಾನ ಕೊಡುವಂಥವು, ಎಲ್ಲವೂ ಅಳತೆಗೆ ಸರಿ. ಅತ್ತೆಯ ಪ್ರಶ್ನೆ ಏನೆಂದೇ ನನಗೆ ಗೊತ್ತಿರಲಿಲ್ಲ.

"ಗೊತ್ತಾಗ್ಲಿಲ್ಲ ಅತ್ತೆ," ಎಂದೆ.

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡು ತಾವು ಕುಳಿತ ಸ್ಟೂಲನ್ನು ಮಾವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದರು.

"ಇನ್ನೊಮ್ಮೆ ಹೇಳಿ. ನಿಧಾನಕ್ಕೆ," ಎಂದರು.

ಮಾವ ಇನ್ನೊಮ್ಮೆ ಹೇಳಿದರು.